ಹೈಮಾಸ್ಟ್ ದೀಪದ ಕೆಳಗಿನ ಮನೆಗಳು

ಮೊನ್ನೆ ವಿಮಾನಪುರದ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಿತ್ತು. ಡ್ರೈವರು ದಪ್ಪ ಪೈಪನ್ನು ಎಳೆದು ನಮ್ಮ ನೀರಿನ ಸಂಪಿನೊಳಗೆ ಬಿಟ್ಟಾಗ, ಬಿಸಿಲಿಗೆ ಕಾದ ರಬ್ಬರಿನ ವಾಸನೆ, ತುಕ್ಕು ಹಿಡಿದ ಕಬ್ಬಿಣದ ವಾಸನೆ, ನೆನೆದ ಮಣ್ಣಿನ ವಾಸನೆ ಎಲ್ಲ ಒಟ್ಟಿಗೇ ಮೂಗಿಗೆ ಬಡಿಯಿತು. "ಮುಚ್ಚಳ ಸರಿಯಾಗಿ ಹಾಕ್ಸೇ" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದರು. ನಾನು ಗೇಟಿನ ಹತ್ತಿರ ಸುಮ್ಮನೆ ನಿಂತುಬಿಟ್ಟಿದ್ದೆ. ಟ್ಯಾಂಕರಿನ ಆ ವಾಸನೆ ಬಂದರೆ ನನಗೆ ಒಂದೇ ಒಂದು ಬೇಸಿಗೆ ನೆನಪಾಗುತ್ತದೆ. ಇಷ್ಟು ದಿನ ಅದನ್ನು ಯಾರ ಹತ್ತಿರವೂ ಪೂರ್ತಿ ಹೇಳಿರಲಿಲ್ಲ.

ನಾನು ಕೆಲಸ ಮಾಡುವುದು ಇಂದಿರಾನಗರದ ಒಂದು ಪುಟ್ಟ ಕಂಪನಿಯಲ್ಲಿ. ಅಲ್ಲಿ ನಾನೇನು ಮಾಡುತ್ತೇನೆಂದು ಅಮ್ಮನಿಗೆ ವಿವರಿಸಲು ಇವತ್ತಿಗೂ ಆಗಿಲ್ಲ. "ಇವ್ಳು ಆಕಾಶದಿಂದ ದೀಪ ಎಣಿಸ್ತಾಳೆ" ಎಂದು ಪಕ್ಕದ ಮನೆಯವರಿಗೆ ಹೇಳುತ್ತಾರೆ. ತೀರಾ ತಪ್ಪೇನಲ್ಲ. ರಾತ್ರಿ ಒಂದೂವರೆ ಹೊತ್ತಿಗೆ ಉಪಗ್ರಹವೊಂದು ನಮ್ಮ ತಲೆಯ ಮೇಲೆ ಹಾದುಹೋಗುತ್ತಾ ನೆಲದ ಬೆಳಕನ್ನು ಹಿಡಿದುಕೊಳ್ಳುತ್ತದೆ. ಆ ಚಿತ್ರದಲ್ಲಿ ಊರೆಲ್ಲ ಚೌಕಗಳು. ಒಂದೊಂದು ಚೌಕವೂ ಸುಮಾರು ಅರ್ಧ ಕಿಲೋಮೀಟರ್ ಅಗಲ. ನಗರದ ಪೂರ್ವ ಭಾಗವನ್ನು ಪರದೆಯ ಮೇಲೆ ತೆರೆದರೆ ಹಲಸೂರು ಕೆರೆ ಕಪ್ಪಗೆ ಕಾಣುತ್ತದೆ, ಅದರಾಚೆಯ ಮಿಲಿಟರಿ ಜಾಗವೂ ಕಪ್ಪಗೆ. ರಂಜಾನ್ ತಿಂಗಳಲ್ಲಿ ಶಿವಾಜಿನಗರ ಉಳಿದ ತಿಂಗಳಿಗಿಂತ ಬೆಳ್ಳಗಿರುತ್ತದೆ. ಯಾವ ಲೇಔಟಿನಲ್ಲಿ ಸೈಟು ಮಾರಾಟವಾಗಿಯೂ ಮನೆ ಎದ್ದಿಲ್ಲ, ಯಾವ ಅಪಾರ್ಟ್‌ಮೆಂಟಿಗೆ ಜನ ಬಂದು ಸೇರಿದ್ದಾರೆ ಎಂಬುದನ್ನೆಲ್ಲ ಕುರ್ಚಿಯಲ್ಲಿ ಕುಳಿತೇ ಹೇಳಬಹುದು. ಹೀಗೆ ಹೇಳುವುದರಲ್ಲಿ ನನಗೆ ಒಳಗೊಳಗೇ ಜಂಬವೂ ಇತ್ತು.

ಆ ವರ್ಷ ಮಾರ್ಚ್ ಹೊತ್ತಿಗೇ ಕೆ.ಆರ್. ಪುರದ ಆಚೆ ಬೋರ್‌ವೆಲ್‌ಗಳು ಕೈಕೊಟ್ಟವು. ಟ್ಯಾಂಕರ್ ನೀರು ಹಂಚುತ್ತಿದ್ದ ಸರ್ಕಾರಿ ಕಚೇರಿಯವರು ನಮ್ಮ ಹತ್ತಿರ ಬಂದರು. ಅವರ ನಕ್ಷೆಗಳು ಹಳೆಯವು. ಟ್ಯಾಂಕರ್ ಖಾಲಿ ಲೇಔಟಿಗೆ ಹೋಗಿ ವಾಪಸ್ ಬರುತ್ತಿತ್ತು, ಜನ ತುಂಬಿದ ಕಡೆ ಹೋಗುತ್ತಿರಲಿಲ್ಲ. ಎಲ್ಲೆಲ್ಲಿ ನಿಜವಾಗಿ ಜನ ಇದ್ದಾರೆಂದು ಚೌಕ ಚೌಕವಾಗಿ ನಾವು ಹೇಳಬೇಕು. ತಿಂಗಳ ಮೊದಲ ಸೋಮವಾರ ಪಟ್ಟಿ ಅವರ ಕೈಸೇರಬೇಕು, ಆ ತಿಂಗಳೆಲ್ಲ ಟ್ಯಾಂಕರ್ ಓಡುವುದು ಅದರ ಪ್ರಕಾರವೇ.

ಇದರಲ್ಲಿ ಒಂದು ತೊಡಕಿತ್ತು. ಗೋಡೌನು, ಕಂಟೇನರ್ ಯಾರ್ಡು ಇಂಥ ಕಡೆ ಎತ್ತರದ ಕಂಬಗಳ ಮೇಲೆ ರಾತ್ರಿಯಿಡೀ ಹೈಮಾಸ್ಟ್ ದೀಪಗಳು ಉರಿಯುತ್ತವೆ. ಅಲ್ಲಿ ಯಾರೂ ವಾಸವಿರುವುದಿಲ್ಲ, ಆದರೂ ಚಿತ್ರದಲ್ಲಿ ದೊಡ್ಡ ಊರೇ ಇದ್ದ ಹಾಗೆ ಕಾಣುತ್ತದೆ. ಬೆಳಕು ಅಕ್ಕಪಕ್ಕದ ಚೌಕಗಳಿಗೂ ಚೆಲ್ಲಿರುತ್ತದೆ. ಅದಕ್ಕೆ ನಾನೊಂದು ನಿಯಮ ಮಾಡಿದೆ. ಅಂಥ ದೀಪ ಎಲ್ಲಿದೆಯೆಂದು ಗುರುತಿಸುವುದು, ಅದರ ಬೆಳಕು ಚೆಲ್ಲಿದ ಅಷ್ಟೂ ಚೌಕಗಳನ್ನು ಪಟ್ಟಿಯಿಂದ ಅಳಿಸಿಬಿಡುವುದು. ಅಳಿಸಿದ ಮೇಲೆ ಚಿತ್ರ ಎಷ್ಟು ಚೊಕ್ಕಟವಾಗಿ ಕಂಡಿತೆಂದರೆ, ನಮ್ಮ ಬಾಸ್ ರಘು ಸರ್ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೀಟಿಂಗಿಗೆ ಒಯ್ದರು. ನೀರಿನ ಕಚೇರಿಯ ಇಂಜಿನಿಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೆಲಸ ಅಂದ್ರೆ" ಎಂದರು. ಆ ದಿನ ಮನೆಗೆ ಹೋಗುವಾಗ ಅಪ್ಪನಿಗೆ ಮೈಸೂರು ಪಾಕ್ ಒಯ್ದಿದ್ದೆ.

ಏಪ್ರಿಲ್ ಕೊನೆಯ ಮಂಗಳವಾರ. ನಮ್ಮ ಆಫೀಸಿನಲ್ಲಿ ಕಸ ಗುಡಿಸಿ, ನೆಲ ಒರೆಸಿ, ಎಲ್ಲರಿಗೂ ಟೀ ಕೊಡುವವರು ಸೆಲ್ವಿ ಅಕ್ಕ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಈಗಿರುವುದು ಕೆ.ಆರ್. ಪುರದ ಆಚೆ ಎಲ್ಲೋ ಎಂಬುದಷ್ಟೇ ನನಗೆ ಗೊತ್ತಿತ್ತು. ಆ ಸಂಜೆ ಅವರು ಐದು ಲೀಟರಿನ ಎರಡು ಕ್ಯಾನ್ ಹಿಡಿದು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಮೇಡಂ, ಫಿಲ್ಟರ್ ನೀರು ಸ್ವಲ್ಪ ತುಂಬ್ಕೊಂಡ್ ಹೋಗ್ಲಾ? ಸರ್‌ನ ಕೇಳಕ್ಕೆ ಒಂಥರಾ ಆಗತ್ತೆ."

"ತಗೊಳ್ಳಿ ಅಕ್ಕ, ಅದಕ್ಕೇನ್ ಕೇಳೋದು. ನಿಮ್ ಕಡೆ ಟ್ಯಾಂಕರ್ ಬರಲ್ವಾ?"

"ಬರತ್ತೆ, ಪಕ್ಕದ ಲೇಔಟಿಗೆ. ನಮ್ ಕಡೆ ತಿರುಗಲ್ಲ. ಡ್ರೈವರ್‌ನ ನಿಲ್ಲಿಸಿ ಕೇಳಿದ್ವಿ, ಮೊಬೈಲಲ್ಲಿ ಮ್ಯಾಪ್ ತೋರಿಸ್ದ. ಅಲ್ಲಿ ಜನಾನೇ ಇಲ್ಲ ಅಂತ ಇದೆ ಅಂದ."

ಮನೆ ಎಲ್ಲಿ ಬರುತ್ತದೆ ಎಂದು ಆದಷ್ಟು ಸಹಜವಾಗಿ ಕೇಳಿದೆ. ಕಂಟೇನರ್ ಯಾರ್ಡಿನ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಶೀಟಿನ ಶೆಡ್ಡುಗಳಿವೆ, ಅಲ್ಲೇ ಎಂದರು. ಅವರು ಕ್ಯಾನ್ ತುಂಬಿಕೊಂಡು ಬಸ್ಸಿಗೆ ಹೊರಟ ಮೇಲೆ ನಕ್ಷೆ ತೆರೆದು ನೋಡಿದೆ. ಯಾರ್ಡಿನ ಸುತ್ತ ನಾಲ್ಕು ಚೌಕಗಳು ಬೋಳು ಬೋಳಾಗಿದ್ದವು. ಅವನ್ನು ಅಳಿಸಿದವಳು ನಾನು.

ಆಗಲೇ ಎದ್ದು ಹೋಗಿ ರಘು ಸರ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಸೋಮವಾರ ಮೇ ತಿಂಗಳ ಪಟ್ಟಿ ಹೋಗಬೇಕು. ನನ್ನ ನಿಯಮ ಇಲ್ಲಿ ತಪ್ಪಾಗಿದ್ದರೆ ಅಳಿಸಿದ ಎಲ್ಲ ಕಡೆಯೂ ತಪ್ಪಾಗಿರಬಹುದು. ಕಂಪನಿಯ ಹೆಸರು ಹೋಗುತ್ತದೆ, ಎಲ್ಲರೂ ನನ್ನ ಮುಖ ನೋಡುತ್ತಾರೆ. ಒಂದೇ ಒಂದು ಕಡೆ ಹೀಗಾಗಿರಬಹುದು, ಶೆಡ್ಡುಗಳು ನಾಲ್ಕೋ ಐದೋ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬುಧವಾರ ಹೋಯಿತು, ಗುರುವಾರವೂ ಹೋಯಿತು. ಸೆಲ್ವಿ ಅಕ್ಕ ದಿನಾ ಕ್ಯಾನ್ ತುಂಬುವಾಗ ಫಿಲ್ಟರಿನ ಸದ್ದು ಕೇಳದಿರಲೆಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಸೆಲ್ವಿ ಅಕ್ಕ ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದೆ. ನಾಲ್ಕು ವರ್ಷದ ಮೊಮ್ಮಗಳು ಧನ್ಯಾಳಿಗೆ ವಾಂತಿ ಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದರು. "ಡ್ರಿಪ್ ಹಾಕವ್ರೆ ಮೇಡಂ. ಹಿಂದ್ಗಡೆ ಒಂದು ಹಳೇ ಬಾವಿ ಇದೆ, ಅದ್ರ ನೀರು ಕುಡಿಸ್ಬೇಡಿ ಅಂತ ನಾನು ಬಡ್ಕೊಂಡೆ. ಮಗೂಗೆ ದಾಹ ಆದ್ರೆ ಅವಳೇನ್ ಮಾಡ್ತಾಳೆ, ನನ್ ಸೊಸೆ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು.

ಆ ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದೆ. ಅಪ್ಪ ಗಮನಿಸಿದರು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದವರು. ಅಲ್ಲಿ ಪ್ರತಿಯೊಬ್ಬ ಇನ್‌ಸ್ಪೆಕ್ಟರನಿಗೂ ಅವನದೇ ನಂಬರಿನ ಒಂದು ಪುಟ್ಟ ಉಕ್ಕಿನ ಮುದ್ರೆ ಇರುತ್ತಿತ್ತು. ತಾನು ನೋಡಿ ಸರಿಯಿದೆ ಎಂದ ಬಿಡಿಭಾಗದ ಮೇಲೆ ಅದನ್ನು ಒತ್ತಬೇಕು. ನಾನು ಎಲ್ಲವನ್ನೂ ಹೇಳಿದೆ. ಬೈಯಬಹುದೆಂದುಕೊಂಡಿದ್ದೆ. ಅವರು ಮಜ್ಜಿಗೆ ಲೋಟವನ್ನು ಪಕ್ಕಕ್ಕಿಟ್ಟರು.

"ನಾನೂ ಒಂದ್ಸಲ ಹಂಗೆ ಮಾಡಿದ್ದೆ. ಮುದ್ರೆ ಒತ್ತಿ ಕಳಿಸಿದ್ಮೇಲೆ ಅಳತೆ ಸರಿಯಾಗಿ ನೋಡಿದ್ನಾ ಅಂತ ಅನುಮಾನ ಬಂತು. ಎರಡು ದಿನ ಬಾಯ್ಬಿಡ್ಲಿಲ್ಲ. ಮೂರನೇ ದಿನ ಹೋಗಿ ಹೇಳ್ದೆ, ಇಡೀ ಲಾಟ್ ನಿಲ್ಲಿಸಿದ್ರು."

"ತಪ್ಪಿತ್ತಾ ಅಪ್ಪ?"

"ಇರ್ಲಿಲ್ಲ. ಆದ್ರೆ ಆ ಎರಡು ದಿನ ಮೇಲ್ಗಡೆ ವಿಮಾನದ ಸದ್ದು ಕೇಳಿದಾಗೆಲ್ಲ ಹೊರಗೆ ಬಂದು ಆಕಾಶ ನೋಡ್ತಿದ್ದೆ. ನೀನು ನಾಳೆ ಅಲ್ಲಿಗೆ ಹೋಗಿ ಕಣ್ಣಾರೆ ನೋಡ್ಕೊಂಡ್ ಬಾ."

ಶನಿವಾರ ಸಂಜೆ ಹೋದೆ. ಧನ್ಯಾ ಚೇತರಿಸಿಕೊಳ್ಳುತ್ತಿದ್ದಳು, ಸೆಲ್ವಿ ಅಕ್ಕ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದರು. ನಾಲ್ಕೋ ಐದೋ ಶೆಡ್ಡು ಎಂದುಕೊಂಡಿದ್ದೆನಲ್ಲ, ಅಲ್ಲಿ ನಾಲ್ಕು ಸಾಲುಗಳಿದ್ದವು. ಮಾಲೀಕರು ಎಲ್ಲಕ್ಕೂ ಸೇರಿ ಒಂದೇ ಮೀಟರ್ ಹಾಕಿಸಿದ್ದರು, ಮನೆಗೊಂದು ಬಲ್ಬ್ ಮಾತ್ರ. ಅದನ್ನೂ ಯಾರೂ ಹಾಕಿರಲಿಲ್ಲ, ಹಾಕುವ ಅಗತ್ಯವೇ ಇರಲಿಲ್ಲ. ಕತ್ತಲಾಗುತ್ತಿದ್ದ ಹಾಗೆ ಯಾರ್ಡಿನ ಹೈಮಾಸ್ಟ್ ದೀಪಗಳು ಒಂದೊಂದಾಗಿ ಹತ್ತಿಕೊಂಡವು, ಶೆಡ್ಡುಗಳ ಮೇಲೆಲ್ಲ ಬಿಳಿ ಬೆಳಕು ಸುರಿಯಿತು. ಆಗ ಗಮನಿಸಿದೆ, ಎಲ್ಲ ಮನೆಗಳ ಬಾಗಿಲುಗಳೂ ಕಾಂಪೌಂಡಿನ ಕಡೆಗೇ ಇದ್ದವು. ಹೆಂಗಸರು ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಕ್ಕಳು ಗೋಡೆಯುದ್ದಕ್ಕೂ ಸಾಲಾಗಿ ಕೂತು ಓದುತ್ತಿದ್ದರು. ದೀಪಕ್ಕೆ ಹತ್ತಿರದ ಸಾಲಿನಲ್ಲಿ ಮನೆ ಖಾಲಿಯಾದರೆ ಹಿಂದಿನ ಸಾಲಿನವರು ಮಾಲೀಕರಿಗೆ ಮುಂಚಿತವಾಗಿಯೇ ಹೇಳಿಟ್ಟು ಅಲ್ಲಿಗೆ ಬರುತ್ತಾರಂತೆ.

"ಮಲಗೋವಾಗ ಮಾತ್ರ ಕಷ್ಟ" ಎಂದರು ಸೆಲ್ವಿ ಅಕ್ಕ. "ಕಣ್ಣಿಗೆ ಟವಲ್ ಕಟ್ಕೋಬೇಕು."

ಇವರೆಲ್ಲ ಬದುಕುತ್ತಿದ್ದುದು ಯಾರ್ಡಿನ ಬೆಳಕಿನಲ್ಲಿ. ನಾನು ಆ ಬೆಳಕನ್ನು ಯಾರ್ಡಿನದೆಂದು ತೆಗೆದುಹಾಕಿದಾಗ ಅದರ ಜೊತೆಗೆ ಇವರೂ ಹೋಗಿದ್ದರು. ಅಲ್ಲೇ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸೆಲ್ವಿ ಅಕ್ಕನಿಗೆ ಹೇಳಿಬಿಟ್ಟೆ. ಡ್ರೈವರ್ ತೋರಿಸಿದ ಮ್ಯಾಪ್ ನಾನು ಮಾಡಿದ್ದು, ಮಂಗಳವಾರವೇ ನನಗೆ ಗೊತ್ತಾಗಿತ್ತು ಎಂದೆ.

ಅವರು ಹೊಸ್ತಿಲಲ್ಲಿದ್ದ ಖಾಲಿ ಕ್ಯಾನ್ ಎತ್ತಿ ಒಳಗಿಟ್ಟು ಬಂದರು. ಆಮೇಲೆ, "ಈಗ ಏನ್ ಮಾಡ್ಬೋದು, ಅದು ಹೇಳಿ" ಎಂದರು.

ಮನೆಮನೆಗೆ ನಂಬರ್ ಹಾಕಿ, ಹೆಸರು ಬರೆದುಕೊಂಡು, ಪಟ್ಟಿ ಮಾಡಿ ಕೊಡಬಹುದು ಎಂದೆ. ಅಷ್ಟರಲ್ಲಿ ಜಾಗದ ಮಾಲೀಕರು ಮುನಿರಾಜಣ್ಣ ಸ್ಕೂಟರಿನಲ್ಲಿ ಬಂದರು. ಪಕ್ಕದ ಹಳ್ಳಿಯ ಹಳೇ ಮನೆತನದವರು, ಅರವತ್ತರ ಆಸುಪಾಸು. ಯಾರೋ ಸುದ್ದಿ ಮುಟ್ಟಿಸಿರಬೇಕು. ನನ್ನ ಮೇಲೆ ರೇಗಾಡಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತರು.

"ಬರ್ಕೊಂಬೇಡಿ ಮೇಡಂ. ಇದು ನಮ್ ತಾತ ರಾಗಿ ಬೆಳೀತಿದ್ದ ಜಾಗ. ಆದ್ರೆ ಕಾಗದದಲ್ಲಿ ಅರ್ಧ ನಮ್ ಹೊಲ, ಅರ್ಧ ಕೆರೆ ಅಂಗಳ ಅಂತದೆ. ಇಲ್ಲಿ ಯಾರೂ ಇಲ್ಲ ಅಂದ್ರೆ ಯಾರೂ ಬರಲ್ಲ. ಇಷ್ಟು ಮನೆ ಐತೆ ಅಂತ ನೀವು ಬರ್ದು ಕೊಟ್ರೆ, ನೀರು ಬರತ್ತೆ, ಅದರ ಹಿಂದೇನೇ ಮನೆ ಕೆಡವಕ್ಕೆ ಜೆಸಿಬಿ ಬರತ್ತೆ."

"ನೀರಿಗೆ ಮಾತ್ರ ಈ ಪಟ್ಟಿ" ಎಂದೆ.

"ನಿಮಗೆ ಹಂಗೆ ಹೇಳವ್ರೆ" ಎಂದರು. "ನನ್ ಬೋರ್‌ವೆಲ್ ಬತ್ತೋವರ್ಗೂ ನಾನೇ ಕೊಟ್ಟಿದೀನಿ ನೀರು. ಇವರನ್ನ ಕೇಳಿ."

ಅದು ನಿಜವೆಂದು ಸುತ್ತ ನಿಂತವರೇ ತಲೆಯಾಡಿಸಿದರು. ಗಂಡಸರು ಒಬ್ಬೊಬ್ಬರೇ ಹಿಂದೆ ಸರಿದರು. ಬೇಡ, ಹೇಗೋ ಮಳೆ ಬರುವವರೆಗೆ ತಳ್ಳೋಣ ಎಂದರು. ನನಗೂ ಒಳಗೆ ಹೆದರಿಕೆಯಾಗಿತ್ತು. ಮುನಿರಾಜಣ್ಣ ಹೇಳಿದ್ದು ಸುಳ್ಳೆಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ನಕ್ಷೆ ಮಾಡಿ ಕೊಟ್ಟಿದ್ದೆನೇ ಹೊರತು, ಕೊಟ್ಟ ಮೇಲೆ ಅದು ಯಾರ ಯಾರ ಕೈಗೆ ಹೋಗುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದೆ.

ಆಗ ಸೆಲ್ವಿ ಅಕ್ಕ ಒಳಗೆ ಹೋಗಿ ಧನ್ಯಾಳ ಸ್ಲೇಟಿನ ಪಕ್ಕದಲ್ಲಿದ್ದ ಸೀಮೆಸುಣ್ಣ ತಂದು ನನ್ನ ಕೈಗೆ ಕೊಟ್ಟರು. "ಜೆಸಿಬಿ ಬರೋದು ಯಾವಾಗ್ಲೋ. ಮಗೂಗೆ ನೀರು ನಾಳೆ ಬೇಕು. ನಮ್ದು ಒಂದು ಅಂತ ಹಾಕಿ ಮೇಡಂ."

ನಾನು ಅವರ ಬಾಗಿಲಿನ ಶೀಟಿನ ಮೇಲೆ ಒಂದು ಎಂದು ಬರೆದೆ. ಪಕ್ಕದ ಮನೆಯ ಹೆಂಗಸು ತಮ್ಮ ಗಂಡನ ಮುಖ ನೋಡಿ, ನಮ್ಮದಕ್ಕೂ ಹಾಕಿ ಎಂದರು. ಆ ಸಾಲು ಮುಗಿಯುವ ಹೊತ್ತಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮತ್ತೆ ಹೋಗಿ ಉಳಿದದ್ದನ್ನು ಮುಗಿಸಿದೆ. ಮುನಿರಾಜಣ್ಣ ದೂರದಲ್ಲಿ ಸ್ಕೂಟರಿಗೆ ಒರಗಿ ನಿಂತು ನೋಡುತ್ತಿದ್ದರು, ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ರಘು ಸರ್ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

"ಅಲ್ಲ ವಿಭಾ, ಇವತ್ತು ಸಬ್‌ಮಿಶನ್. ಇದೊಂದು ಜಾಗ ತಪ್ಪು ಅಂದ್ರೆ ಉಳಿದಿದ್ದು ಸರಿ ಅಂತ ಯಾರು ನಂಬ್ತಾರೆ?"

"ನಂಬಬಾರ್ದು ಸರ್. ನಾನೂ ನಂಬಲ್ಲ. ಅಳಿಸಿರೋ ಎಲ್ಲಾ ಚೌಕಕ್ಕೂ ಹೋಗಿ ನೋಡ್ಬೇಕು."

"ಟೀಮ್ ಎಲ್ಲಿದೆ ಅಷ್ಟಕ್ಕೆಲ್ಲ?" ಕನ್ನಡಕ ಮತ್ತೆ ಹಾಕಿಕೊಂಡು ನನ್ನ ಪಟ್ಟಿಯ ಹಾಳೆ ತಿರುವಿದರು. "ಈ ಒಂದು ಜಾಗ ಸೇರಿಸು. ಆದ್ರೆ ಫೀಲ್ಡ್ ವೆರಿಫಿಕೇಶನ್ ಅಂತ ನಿನ್ ಹೆಸರು ಹಾಕು. ಏನಾದ್ರೂ ಬಂದ್ರೆ ನೀನೇ ಉತ್ತರ ಹೇಳ್ಬೇಕು."

ಹಾಕಿದೆ. ಯಾರ್ಡಿನ ಕಾಂಪೌಂಡು, ನಾಲ್ಕು ಸಾಲು, ಪ್ರತಿ ಸಾಲಿನ ಮನೆ ನಂಬರುಗಳು, ಟ್ಯಾಂಕರ್ ತಿರುಗುವಷ್ಟು ದಾರಿ ಎಲ್ಲಿದೆ, ಎಲ್ಲವನ್ನೂ ಗುರುತಿಸಿ ಕೆಳಗಿನ ಮೂಲೆಯಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಗುರುವಾರ ಬೆಳಿಗ್ಗೆ ಸೆಲ್ವಿ ಅಕ್ಕನ ಫೋನ್ ಬಂತು. ಮಾತು ಸರಿಯಾಗಿ ಕೇಳಿಸಲಿಲ್ಲ. ಬಿಂದಿಗೆಗಳ ಸದ್ದು, ಹೆಂಗಸರ ಜಗಳ, ನೀರು ಬೀಳುವ ಸದ್ದು ಕೇಳಿಸಿತು. ನಾನು ಆಫೀಸಿನ ದಾರಿಯ ಸಿಗ್ನಲ್ಲಿನಲ್ಲಿ ಆಟೋದಲ್ಲಿದ್ದೆ. ಡ್ರೈವರ್ ಹಿಂತಿರುಗಿ ನೋಡುವಷ್ಟು ಅತ್ತುಬಿಟ್ಟೆ.

ಇಲ್ಲಿಗೇ ನಿಲ್ಲಿಸಿದರೆ ಇದು ನನಗೆ ಹಿತವಾದ ನೆನಪಾಗಿ ಉಳಿಯುತ್ತಿತ್ತು. ಮೇ ತಿಂಗಳೆಲ್ಲ ವಾರಕ್ಕೆರಡು ಸಲ ಟ್ಯಾಂಕರ್ ಬಂತು. ಜೂನ್‌ನಲ್ಲಿ ಮಳೆ ಹಿಡಿಯಿತು, ನಮ್ಮ ಕೆಲಸ ಮುಗಿಯಿತು, ಧನ್ಯಾ ಒಂದು ದಿನ ಆಫೀಸಿಗೆ ಬಂದು ನನ್ನ ಕುರ್ಚಿಯಲ್ಲಿ ಸುತ್ತಿ ಸುತ್ತಿ ಕೂತು ಬಿಸ್ಕತ್ತು ತಿಂದಳು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸೆಲ್ವಿ ಅಕ್ಕ ಟೀ ಇಟ್ಟು, ಸೆರಗಿನಿಂದ ಒಂದು ಮಡಿಸಿದ ಕಾಗದ ತೆಗೆದು ಟೇಬಲ್ ಮೇಲಿಟ್ಟರು. ಒಂದನೇ ನಂಬರಿನ ಬಾಗಿಲಿಗೆ ಅಂಟಿಸಿದ್ದ ನೋಟಿಸು. ಕೆರೆ ಅಂಗಳ ತೆರವು ಮಾಡಬೇಕು, ಏಳು ದಿನ ಸಮಯ. ಜೊತೆಗೆ ಪಿನ್ ಹೊಡೆದ ನಕ್ಷೆಯ ಜೆರಾಕ್ಸ್ ಪ್ರತಿ. ನಾಲ್ಕು ಸಾಲು, ಮನೆ ನಂಬರುಗಳು, ವಾಹನ ತಿರುಗುವ ದಾರಿ. ಮೂಲೆಯಲ್ಲಿ ನನ್ನ ಹೆಸರು.

ಅಂದೇ ನೀರು ಹಂಚುವ ಕಚೇರಿಗೆ ಓಡಿದೆ. ಹಿಂದೆ ನನ್ನ ಕೆಲಸ ಹೊಗಳಿದ್ದ ಇಂಜಿನಿಯರೇ ಇದ್ದರು. ಕೂರಿಸಿ ಕಾಫಿ ತರಿಸಿದರು. "ನೋಟಿಸ್ ನಮ್ದಲ್ಲ ಮೇಡಂ. ಬೇರೆ ಸೆಕ್ಷನ್‌ನವರು ಆ ಏರಿಯಾದ ಮ್ಯಾಪ್ ಕೇಳಿದ್ರು, ಕೊಟ್ವಿ. ನಮ್ಮ ಹತ್ರ ಇರೋದ್ರಲ್ಲೇ ಬೆಸ್ಟ್ ಮ್ಯಾಪ್ ಅದು." ಅವರು ನನ್ನನ್ನು ಅಣಕಿಸುತ್ತಿರಲಿಲ್ಲ, ಮನಸಾರೆ ಹೇಳುತ್ತಿದ್ದರು. ಇನ್ನೆರಡು ಕಚೇರಿ ಅಲೆದೆ, ಅರ್ಜಿ ಕೊಟ್ಟೆ, ರಘು ಸರ್ ಕೂಡ ಒಂದು ಪತ್ರ ಬರೆದರು. ಏಳು ದಿನ ಕಳೆದು ಎಂಟನೆಯ ದಿನ ಜೆಸಿಬಿ ಬಂತು.

ನಾನು ಹೋದಾಗ ಎರಡು ಸಾಲುಗಳು ಆಗಲೇ ಬಿದ್ದಿದ್ದವು. ಉಳಿದವರು ತಾವೇ ಶೀಟು ಬಿಚ್ಚಿ ಟೆಂಪೋಗೆ ಪೇರಿಸುತ್ತಿದ್ದರು, ಕೆಲವು ಶೀಟುಗಳ ಮೇಲೆ ನನ್ನ ಸೀಮೆಸುಣ್ಣದ ಅಂಕಿ ಇನ್ನೂ ಅಳಿಸಿರಲಿಲ್ಲ. ಮುನಿರಾಜಣ್ಣ ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಸೆಲ್ವಿ ಅಕ್ಕನ ಹತ್ತಿರ ಹೋಗಿ ನಿಂತೆ. ಪಾತ್ರೆಯ ಗಂಟಿಗೆ ಕೈ ಹಾಕುವಷ್ಟರಲ್ಲಿ ಅಳು ಬಂತು.

"ಅಳ್ಬೇಡಿ ಮೇಡಂ" ಎಂದರು ಅವರೇ. "ಮುನಿರಾಜಣ್ಣ ಹೇಳ್ದಾಗ್ಲೇ ನಂಗೆ ಗೊತ್ತಿತ್ತು. ಸೀಮೆಸುಣ್ಣ ತಂದು ಕೊಟ್ಟಿದ್ದು ನಾನೇ ಅಲ್ವಾ."

"ಎಲ್ಲಿಗೆ ಹೋಗ್ತೀರಾ ಅಕ್ಕ?"

"ನೋಡ್ಬೇಕು" ಎಂದು ಪಾತ್ರೆಯ ಗಂಟನ್ನು ಟೆಂಪೋಗೆ ಎತ್ತಿಕೊಟ್ಟರು.

ನಾಲ್ಕು ದಿನ ರಜೆ ಹಾಕಿ ಐದನೆಯ ದಿನ ಸೆಲ್ವಿ ಅಕ್ಕ ಕೆಲಸಕ್ಕೆ ಬಂದರು. ಎಂದಿನಂತೆ ಬೆಳಿಗ್ಗೆ ಎಂಟಕ್ಕೆ, ಎಂದಿನಂತೆ ನನ್ನ ಟೀಗೆ ಸಕ್ಕರೆ ಕಡಿಮೆ. ಧನ್ಯಾ ಹೇಗಿದ್ದಾಳೆಂದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದರು. ನೀರು ಬರುತ್ತದಾ ಎಂದರೆ ಬರುತ್ತದೆ ಎನ್ನುತ್ತಿದ್ದರು. ಈಗ ಎಲ್ಲಿದ್ದೀರಿ ಎಂದರೆ ಮಾತ್ರ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ವರ್ಷದ ಕೊನೆಗೆ ಆಫೀಸಿನಲ್ಲಿ ಎಲ್ಲರ ವಿವರ ಹೊಸದಾಗಿ ತುಂಬಿಕೊಡಬೇಕೆಂದು ಒಂದು ಫಾರಂ ಹಂಚಿದರು. ಸೆಲ್ವಿ ಅಕ್ಕನಿಗೆ ಬರೆಯಲು ಬಾರದು, ಅವರದ್ದನ್ನು ತುಂಬಲು ಈ ಸಲ ನಾನು ಕೂತೆ. ಹೆಸರು ಬರೆದೆ, ವಯಸ್ಸು ಬರೆದೆ, ಗಂಡನ ಹೆಸರು ಬರೆದೆ. ವಿಳಾಸದ ಜಾಗಕ್ಕೆ ಬಂದಾಗ ಪೆನ್ನು ಹಿಡಿದು ಅವರ ಮುಖ ನೋಡಿದೆ. ಅವರು ಆಚೆ ಈಚೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಹಳೇದೇ ಬರೀರಿ ಮೇಡಂ, ಒಂದನೇ ನಂಬರು" ಎಂದರು.

ಬರೆದೆ.